ಅಪ್‌ಡೇಟ್: ಕಲಿಬೊಗೇ ಹೋಗಿ ಬಂದೆವು

ಜನವರಿಯಲ್ಲಿ ಫಿಲಿಪ್ಪೀನ್ಸ್‌ಗೆ ಹೋಗುವಾಗ ಸೆಬು ನಗರದ ಸಿನುಲೊಗ್ ಹಬ್ಬ ನೋಡಬೇಕಾ, ಕಲಿಬೊ ಊರಿನ ಅತಿ-ಅತಿಹಾನ್ ಹಬ್ಬ ನೋಡಬೇಕಾ ಅಂತ ಇಲ್ಲಿ ಕೇಳಿದ್ದೆ. ಎರಡೂ ಬಾಲ ಯೇಸುವಿನ ಹಬ್ಬಗಳು, ಎರಡಕ್ಕೂ ಮುಖ್ಯ ದಿನ ಆ ತಿಂಗಳ ಮೂರನೇ ಭಾನುವಾರವೇ, ಹಾಗಾಗಿ ಒಂದನ್ನು ಬಿಡಲೇಬೇಕಿತ್ತು. ಕುಣಿಯುವ ಆಸೆ ಇದ್ದರೆ ಕಲಿಬೊ ಅಂದಿರಿ. ಆ ಮಾತು ನೂರಕ್ಕೆ ನೂರು ನಿಜ!

ಅಲ್ಲಿ ನೋಡುವವರು ಬೇರೆ, ಕುಣಿಯುವವರು ಬೇರೆ ಅಂತಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡ ಗುಂಪುಗಳು ಡೋಲು ಬಾರಿಸುತ್ತಾ ಬರುತ್ತವೆ, ಸುಮ್ನೆ ಹಿಂದೆ ಸೇರಿಕೊಂಡರೆ ಆಯಿತು. "ಹಲಾ ಬಿರಾ!" ಅಂತ ಹಬ್ಬದ ಘೋಷಣೆ ಕೂಗಿ ಕೂಗಿ ನನ್ನ ಗಂಟಲೇ ಕಟ್ಟಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬಾಲ ಯೇಸುವಿನ, ಅಂದರೆ ಸಾಂತೊ ನಿನ್ಯೊದ, ಪುಟ್ಟ ಮೂರ್ತಿಯನ್ನು ಎದೆಗೆ ಅವಚಿಕೊಂಡೇ ಹೆಜ್ಜೆ ಹಾಕುತ್ತಿದ್ದರು. ನನಗೆ ನಮ್ಮೂರ ತೇರಿನ ದಿನ ನೆನಪಾಗಿ ಕಣ್ಣು ತುಂಬಿತು.

ಮರುದಿನ ವ್ಯಾನ್ ಹಿಡಿದು ಸುಮಾರು ಎರಡು ಗಂಟೆಯಲ್ಲಿ ಕಾತಿಕ್ಲಾನ್ ಬಂದರು, ಅಲ್ಲಿಂದ ದೋಣಿಯಲ್ಲಿ ಬೊರಾಕಾಯ್. ಕೊಳಕಾಗಿದೆ ಅಂತ 2018ರಲ್ಲಿ ಈ ದ್ವೀಪವನ್ನು ಆರು ತಿಂಗಳು ಮುಚ್ಚಿದ್ದರು. ಈಗ ಸುಮಾರು 4 ಕಿ.ಮೀ. ಉದ್ದದ ವೈಟ್ ಬೀಚ್ ಮೇಲೆ ಸಿಗರೇಟು, ಮದ್ಯ ಎರಡಕ್ಕೂ ಅವಕಾಶವಿಲ್ಲ. ಹಿಟ್ಟಿನಂಥ ಮರಳು. ಸಂಜೆ ಪರಾವ್ ಅನ್ನುವ ಹಾಯಿದೋಣಿಯ ಸವಾರಿ ತಪ್ಪಿಸಬೇಡಿ.

ಸಸ್ಯಾಹಾರಿಗಳೇ, ಸೊಪ್ಪಿನ ಪಲ್ಯಕ್ಕೂ ಆಯ್ಸ್ಟರ್ ಸಾಸ್ (ಸಿಂಪಿ ಅನ್ನುವ ಚಿಪ್ಪುಜೀವಿಯಿಂದ ಮಾಡಿದ್ದು) ಹಾಕುತ್ತಾರೆ, ಕೇಳಿಯೇ ತಿನ್ನಿ. ಅನ್ನ, ಮಾವು ಎಲ್ಲೆಡೆ ಸಿಗುತ್ತದೆ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.