ಶೋ ನಡುವೆ ಬೇರೆಯವರು ನುಡಿಸಲು ಬಂದರೆ ಏನು ಮಾಡ್ತೀರಿ?

ಕೇಳಿದವರು: ನಮ್ಮದು ಐದು ಜನರ ಬ್ಯಾಂಡ್. ಈಚೆಗೆ ಪ್ರತಿ ಶೋನಲ್ಲೂ ಯಾರಾದರೂ ಬಂದು "ಒಂದು ಹಾಡಿಗೆ ನಾನೂ ನುಡಿಸಲಾ?" ಅಂತ ಕೇಳುತ್ತಾರೆ. ಕೆಲವರು ಸ್ನೇಹಿತರು, ಕೆಲವರ ಮುಖಪರಿಚಯವೂ ಇರಲ್ಲ. ಹೋದ ಸಲ ಬಂದ ಗಿಟಾರಿಸ್ಟ್ ಸೋಲೋ ನಿಲ್ಲಿಸಲೇ ಇಲ್ಲ. ಬೇಡ ಅಂದ್ರೆ ಬೇಜಾರು, ಹೂಂ ಅಂದ್ರೆ ಪೇಚಾಟ. ನಿಮ್ಮ ಅನುಭವ ಹೇಳಿ.

ಕೀಬೋರ್ಡ್ ನುಡಿಸುವವರು: ಹಾಡು ಆರಿಸೋದು ನೀವು, ಬಂದವರಲ್ಲ. ಇದೊಂದನ್ನು ಗಟ್ಟಿ ಮಾಡಿಕೊಂಡರೆ ಅರ್ಧ ತಲೆನೋವು ಹೋಯಿತು. ಅವರಿಗೆ ಚೆನ್ನಾಗಿ ಬರೋ ಹಾಡು ನಿಮ್ಮ ಬೇಸ್ ಗಿಟಾರಿಸ್ಟ್‌ಗೆ ಬರದೇ ಇರಬಹುದು. ಜನರೆದುರು ಮುಗ್ಗರಿಸೋದು ಆಗ ನಿಮ್ಮ ಬ್ಯಾಂಡೇ. ನಾವು ಸೆಟ್ ಲಿಸ್ಟ್‌ನಲ್ಲಿ ಎರಡು ಹಾಡು ಇದಕ್ಕೇ ಇಟ್ಟಿರುತ್ತೇವೆ. ಒಂದು ಹನ್ನೆರಡು ಬಾರ್‌ನ ಬ್ಲೂಸ್ (ನಾಲ್ಕು ಬೀಟ್ ಸೇರಿದರೆ ಒಂದು ಬಾರ್), ಇನ್ನೊಂದರಲ್ಲಿ ಇರೋದೇ ಎರಡು ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗುಚ್ಛ. ಕಿವಿ ಚೆನ್ನಾಗಿರೋ ಯಾರೇ ಆದರೂ ಒಂದು ಸುತ್ತು ಕೇಳಿ ಸೇರಿಕೊಳ್ಳಬಹುದು.

ಸ್ಕೇಲ್ ಮೊದಲೇ ಹೇಳಿಬಿಡಿ. ಗಿಟಾರ್ ಬ್ಯಾಂಡ್‌ಗಳಿಗೆ ಇ, ಎ ಅಂದ್ರೆ ಪ್ರಾಣ. ಆದರೆ ಸ್ಯಾಕ್ಸೋಫೋನ್‌ನಲ್ಲಿ ಅದೇ ಸ್ವರಕ್ಕೆ ಹೆಸರು ಬೇರೆ: ನಿಮ್ಮ ಇ ಟೆನರ್ ಸ್ಯಾಕ್ಸೋಫೋನ್‌ನವರಿಗೆ ಎಫ್ ಶಾರ್ಪ್, ಆಲ್ಟೋದವರಿಗೆ ಸಿ ಶಾರ್ಪ್. ಬೆರಳಿಗೆ ಕಷ್ಟ. ಎಫ್ ಅಥವಾ ಬಿ ಫ್ಲಾಟ್ ಕೊಟ್ಟರೆ ಅವರ ಮುಖ ಅರಳುತ್ತೆ. ಹಾರ್ಮೋನಿಕಾದ್ದು ಬೇರೆ ಕಥೆ, ಸಾಮಾನ್ಯವಾಗಿ ಒಂದೊಂದು ಸ್ಕೇಲ್‌ಗೆ ಒಂದೊಂದು ಇಟ್ಟುಕೊಂಡಿರುತ್ತಾರೆ. ಇ ಸ್ಕೇಲ್‌ನ ಬ್ಲೂಸ್‌ಗೆ ಅವರು ಸಾಮಾನ್ಯವಾಗಿ ಹಿಡಿಯೋದು ಎ ಹಾರ್ಮೋನಿಕಾ. ಅದು ಚೀಲದಲ್ಲಿ ಇಲ್ಲ ಅಂದ್ರೆ ಸ್ಟೇಜ್ ಮೇಲೆ ಏನೂ ಮಾಡೋಕಾಗಲ್ಲ.

ನಿಮ್ಮ ಗಿಟಾರ್‌ಗಳನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡೋದಾದರೆ ಅದನ್ನಂತೂ ಮರೆಯದೆ ಹೇಳಿ. ಬಂದವರು ನಿಮ್ಮ ಕೈ ನೋಡಿಕೊಂಡು ಇ ಕಾರ್ಡ್ ಹಿಡಿಯುತ್ತಾರೆ. ಅವರಿಂದ ಇ ಬರುತ್ತೆ, ನಿಮ್ಮಿಂದ ಇ ಫ್ಲಾಟ್. ಆ ಸದ್ದು ಶತ್ರುವಿಗೂ ಬೇಡ.

ಡ್ರಮ್ಮರ್: ಸೋಲೋ ಎಷ್ಟು ಅಂತ ಸ್ಟೇಜ್ ಹತ್ತೋ ಮುಂಚೆ ಮಾತಾಡಿ. "ಎರಡು ಸುತ್ತು ನಿಮ್ಮದು, ಆಮೇಲೆ ಹಾಡುವವರಿಗೆ ಬಿಡಿ." ಬ್ಲೂಸ್‌ನಲ್ಲಿ ಎರಡು ಸುತ್ತು ಅಂದ್ರೆ 24 ಬಾರ್. ನಿಮಿಷಕ್ಕೆ 120 ಬೀಟ್ ವೇಗದಲ್ಲಿ 48 ಸೆಕೆಂಡ್ ಆಯಿತು. ನುಡಿಸುವವರಿಗೆ ಕಡಿಮೆ ಅನ್ನಿಸುತ್ತೆ, ಕೇಳುವವರಿಗೆ ಬೇಕಾದಷ್ಟು. ನೆತ್ತಿ ಮುಟ್ಟಿಕೊಂಡರೆ ಮೊದಲಿನಿಂದ, ಮುಷ್ಟಿ ಎತ್ತಿದರೆ ಮುಕ್ತಾಯ, ಈ ಸನ್ನೆಗಳು ಬಹಳ ಜನಕ್ಕೆ ಗೊತ್ತು. ಆದರೆ ಸೋಲೋ ಮಜಾದಲ್ಲಿ ಕಣ್ಣು ಮುಚ್ಚಿದವರಿಗೆ ಯಾವ ಸನ್ನೆ ಕಾಣುತ್ತೆ ಹೇಳಿ? ಆಗ ನಾನೊಂದು ದೊಡ್ಡ ಫಿಲ್ (ಸಾಲುಗಳ ನಡುವೆ ಡ್ರಮ್ಸ್‌ನ ತುಂಬು ನುಡಿಕೆ) ಹೊಡೀತೀನಿ, ಇಡೀ ಬ್ಯಾಂಡ್ ಸದ್ದು ತಗ್ಗಿಸುತ್ತೆ, ಗಾಯಕಿ ಮುಂದಿನ ಚರಣ ಎತ್ತಿಕೊಳ್ಳುತ್ತಾರೆ. ಅದರ ಮೇಲೂ ನುಡಿಸುತ್ತಾ ಇದ್ದರೆ ಅವರನ್ನು ಇನ್ನೊಮ್ಮೆ ಕರೆಯಬೇಡಿ.

ಗುರುತಿಲ್ಲದವರನ್ನು ಹತ್ತಿಸಲೇಬಾರದು ಅಂತ ನಾನು ಹೇಳಲ್ಲ. 1973ರ ನವೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಕೌ ಪ್ಯಾಲೆಸ್ ಸಭಾಂಗಣದಲ್ಲಿ ದಿ ಹೂ ಅನ್ನೋ ಇಂಗ್ಲಿಷ್ ರಾಕ್ ಬ್ಯಾಂಡ್‌ನ ಡ್ರಮ್ಮರ್ ಕೀತ್ ಮೂನ್ ಶೋ ನಡುವೆಯೇ ಕುಸಿದರು. ಪ್ರೇಕ್ಷಕರ ನಡುವಿದ್ದ 19 ವರ್ಷದ ಸ್ಕಾಟ್ ಹಾಲ್ಪಿನ್ ಬಂದು ಡ್ರಮ್ಸ್ ಮೇಲೆ ಕೂತು ಶೋ ಮುಗಿಸಿಕೊಟ್ಟರು. ನಮಗೆ ಬರೋ ಎಲ್ಲರೂ ಹಾಲ್ಪಿನ್ ಆಗಿರಲ್ಲ, ಅಷ್ಟೇ. ನನ್ನ ಜಾಗದಲ್ಲಿ ಕೂರುವವರು ಸ್ಟೂಲ್ ಎತ್ತರ ಬದಲಿಸಲಿ ಪರವಾಗಿಲ್ಲ, ಸಿಂಬಲ್ ಸ್ಟ್ಯಾಂಡ್ ಮುಟ್ಟಿದರೆ ಮಾತ್ರ ಜಗಳ.

ಸೌಂಡ್ ನೋಡಿಕೊಳ್ಳುವವರು: ಅತಿಥಿ ಬರೋ ಸುದ್ದಿ ನಮಗೆ ಗೊತ್ತಾಗೋದೇ ಕೊನೆಗೆ! ಒಂದು ಚಾನೆಲ್, ಒಂದು ಮೈಕ್, ಒಂದು ಡಿಐ ಬಾಕ್ಸ್ (ವಾದ್ಯವನ್ನು ನೇರ ಮಿಕ್ಸರ್‌ಗೆ ಜೋಡಿಸೋ ಪೆಟ್ಟಿಗೆ) ಖಾಲಿ ಇಡಿಸಿ, ಸೌಂಡ್ ಚೆಕ್‌ನಲ್ಲೇ ಅದನ್ನೂ ನೋಡಿಸಿ. ಗಿಟಾರ್ ಕೇಬಲ್ ಹಾಕುವಾಗ, ತೆಗೆಯುವಾಗ ನನ್ನ ಕಡೆ ಕೈ ಎತ್ತಿ, ಮ್ಯೂಟ್ ಮಾಡ್ತೀನಿ. ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಢಬ್ ಅಂತ ಸದ್ದು ಬಂದು ಮುಂದಿನ ಸಾಲಿನವರು ಬೆಚ್ಚಿಬೀಳುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸಂಗೀತ) ಜೊತೆ ನುಡಿಸುವ ಹಾಡಿಗೆ ಅತಿಥಿಯನ್ನು ಕರೆಯಲೇಬೇಡಿ. ವೇಗ ತೋರಿಸೋ ಕ್ಲಿಕ್ ಸದ್ದು ಇಯರ್‌ಫೋನ್‌ನಿಂದ ನಿಮ್ಮ ಕಿವಿಯಲ್ಲಿರುತ್ತೆ, ಅವರ ಕಿವಿಯಲ್ಲಿ ಇರಲ್ಲ. ಸೋಲೋ ನಾಲ್ಕು ಬಾರ್ ಜಾಸ್ತಿಯಾದರೆ ಟ್ರ್ಯಾಕ್ ಕಾಯಲ್ಲ, ಅದರ ಪಾಡಿಗೆ ಅದು ಹೋಗ್ತಾ ಇರುತ್ತೆ.

ಗಾಯಕಿ: ಇಳಿಸೋದು ಹೇಗೆ ಅಂತ ಯಾರೂ ಹೇಳಲಿಲ್ಲ ಅಲ್ವಾ? ಕೊನೆಯ ಸ್ವರ ನಿಂತ ಕೂಡಲೇ ಮೈಕ್‌ನಲ್ಲಿ ಅವರ ಹೆಸರು ಹೇಳಿ, ಥ್ಯಾಂಕ್ಸ್ ಹೇಳಿ, ಜೋರಾಗಿ ಚಪ್ಪಾಳೆ ಕೇಳಿ. ಚಪ್ಪಾಳೆ ಬಿದ್ದ ಮೇಲೆ ಯಾರೂ ನಿಲ್ಲಲ್ಲ. ಒಂದು ಕ್ಷಣ ಸುಮ್ನಿದ್ದರೂ "ಇನ್ನೊಂದು?" ಅಂತ ನಿಮ್ಮ ಮುಖ ನೋಡ್ತಾರೆ. ಗೊತ್ತಿಲ್ಲದವರು ಕೇಳಿದರೆ ನಾನು ಹೇಳೋದು ಇಷ್ಟೇ: "ಇವತ್ತಿನ ಲಿಸ್ಟ್ ತುಂಬಿದೆ, ಪ್ರಾಕ್ಟೀಸ್‌ಗೆ ಬನ್ನಿ." ನಿಜವಾಗಿ ನುಡಿಸುವವರು ಬಂದೇ ಬರ್ತಾರೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಆಯೋಜಕರ ಭಾವಮೈದುನ ಬಂದು ನಿಂತರೆ? ಇಲ್ಲ ಅನ್ನೋಕಾಗಲ್ಲ. ಟ್ಯಾಂಬೊರಿನ್ ಕೊಟ್ಟು ನಿಲ್ಲಿಸಲಾ?

ಡ್ರಮ್ಮರ್: ದಯವಿಟ್ಟು ಬೇಡ. ತಾಳ ತಪ್ಪಿದ ಟ್ಯಾಂಬೊರಿನ್ ಇಡೀ ಬ್ಯಾಂಡನ್ನೇ ಎಳೆದುಕೊಂಡು ಹೋಗುತ್ತೆ. ಶೇಕರ್ ಕೊಡಿ, ಮೈಕ್‌ನಿಂದ ದೂರ ನಿಲ್ಲಿಸಿ.