ತೊಡದೇವು ರುಚಿಯ ಐಸ್‌ಕ್ರೀಮ್ ನಾಲ್ಕು ಸಲ ಕೆಟ್ಟಿತು, ತಪ್ಪೆಲ್ಲಿ?

ಸಾಗರದ ಮಾಣಿ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐಸ್‌ಕ್ರೀಮ್ ಮಾಡುವ ಹುಚ್ಚು ಹಿಡಿದು ಎರಡು ವರ್ಷ ಆಯಿತು. ಮಷಿನ್ ಇಲ್ಲ. ಮಿಕ್ಸಿ, ಫ್ರೀಜರ್, ಒಂದು ಸ್ಟೀಲ್ ಡಬ್ಬಿ, ಅಷ್ಟೇ. ಹಲಸಿನ ಹಣ್ಣಿನದು ಚೆನ್ನಾಗಿ ಬಂತು, ಏಲಕ್ಕಿಯದೂ ಬಂತು. ಈಗ ತೊಡದೇವಿನ ಹಿಂದೆ ಬಿದ್ದು ಸೋತು ಕೂತಿದ್ದೇನೆ.

ತಿನ್ನದವರಿಗೆ ಒಂದು ಮಾತು. ಅಕ್ಕಿಯನ್ನು ಕಬ್ಬಿನ ಹಾಲಲ್ಲಿ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಮಣ್ಣಿನ ಗಡಿಗೆಯ ಬೆನ್ನ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಸವರುತ್ತಾರೆ. ಕೆಳಗೆ ಸೌದೆ ಬೆಂಕಿ. ಕ್ಷಣದಲ್ಲಿ ಬೇಯುತ್ತೆ, ಕೂಡಲೇ ಎಬ್ಬಿಸಿ ಮಡಚಬೇಕು. ದೋಸೆ ಅಂದರೆ ದೋಸೆ, ಕಾಗದ ಅಂದರೆ ಕಾಗದ. ತುಪ್ಪ, ಹಾಲು ಹಾಕಿಕೊಂಡು ತಿನ್ನೋದು.

ಈ ಯೋಚನೆ ತಲೆಗೆ ಹಾಕಿದ್ದು ಹೊರದೇಶದಲ್ಲಿರುವ ಭಾವ. ಅವರು ಇ-ಸಿಗರೇಟಿಗೆ ಹಾಕುವ ದ್ರವವನ್ನು ಮನೆಯಲ್ಲೇ ಬೆರೆಸುತ್ತಾರೆ. ತೆಳು ಪ್ಯಾನ್‌ಕೇಕ್ ರುಚಿ ಬರಲಿ ಅಂತ ವೆನಿಲಾ, ಬೆಣ್ಣೆ, ಹುರಿದ ವಾಸನೆಯ ಎಸೆನ್ಸುಗಳನ್ನು ತೊಟ್ಟು ತೊಟ್ಟು ಲೆಕ್ಕ ಹಾಕಿ ಸೇರಿಸಿ, ವಾರಗಟ್ಟಲೆ ಕತ್ತಲಲ್ಲಿ ಇಡುತ್ತಾರಂತೆ. ಅವರ ದೋಸೆ ಬಾಟಲಿಗೆ ಇಳಿಯುವುದಾದರೆ ನಮ್ಮ ತೊಡದೇವು ಐಸ್‌ಕ್ರೀಮಿಗೆ ಯಾಕೆ ಇಳಿಯಬಾರದು ಅನ್ನಿಸಿತು.

ಮೊದಲ ಸಲ ತೊಡದೇವನ್ನು ಪುಡಿ ಮಾಡಿ ಹಾಲಲ್ಲಿ ಕುದಿಸಿದೆ. ಅಂಬಲಿ ಆಯಿತು. ಫ್ರೀಜರಿನಿಂದ ತೆಗೆದರೆ ಹೆಪ್ಪುಗಟ್ಟಿದ ಗಂಜಿ. ಎರಡನೇ ಸಲ ಭಾವನ ದಾರಿ ಹಿಡಿದು ವೆನಿಲಾ ಮತ್ತು ಬಟರ್ ಎಸೆನ್ಸ್ ಹಾಕಿದೆ. ತಂಗಿ ತಿಂದು "ಬೇಕರಿ ಬಿಸ್ಕತ್ ಚೆನ್ನಾಗಿದೆ" ಅಂದಳು. ಮೂರನೇ ಸಲ ಕುದಿಯುವ ಹಾಲಿಗೆ ಜೋನಿಬೆಲ್ಲ (ಅಚ್ಚು ಕಟ್ಟದ ನೀರುಬೆಲ್ಲ) ಸುರಿದೆ, ಹಾಲು ಒಡೆಯಿತು. ನಾಲ್ಕನೇ ಸಲ ಹಾಲು ಆರಿದ ಮೇಲೆ ಹಾಕಿದೆ. ಅರ್ಧ ಲೀಟರ್ ಹಾಲಿಗೆ ಕಾಲು ಕೆಜಿ ಜೋನಿಬೆಲ್ಲ. ಒಡೆಯಲಿಲ್ಲ, ಆದರೆ ಗಟ್ಟಿಯೂ ಆಗಲಿಲ್ಲ. ಎರಡು ರಾತ್ರಿ ಇಟ್ಟರೂ ಕೆಸರು ಕೆಸರು. ಬೆಲ್ಲದ ರುಚಿ ಇದೆ, ತೊಡದೇವು ಇಲ್ಲ.

ಯಾರಾದರೂ ದಾರಿ ತೋರಿಸಿ.

ತೀರ್ಥಹಳ್ಳಿ ತಿಂಡಿಪೋತ:

ಮಾರಾಯ್ರೇ, ತೊಡದೇವನ್ನೇ ತಿನ್ನಬಹುದಲ್ಲ! ಸುಮ್ನೆ ಹಾಲೂ ಹಾಳು, ಬೆಲ್ಲವೂ ಹಾಳು. (ಆದರೆ ಸರಿಯಾಗಿ ಬಂದರೆ ಹೇಳಿ, ಬಸ್ ಹತ್ತಿ ಬರ್ತೇನೆ.)

ಲ್ಯಾಬ್ ಕೋಟು:

ನಾಲ್ಕು ಸಲ ನಾಲ್ಕು ಬೇರೆ ಬೇರೆ ತಪ್ಪಾಗಿದೆ. ಅದು ಒಳ್ಳೆಯದೇ, ಒಂದೊಂದಾಗಿ ಬಿಡಿಸಬಹುದು.

ಅಂಬಲಿ ಆಗಿದ್ದು ಪಿಷ್ಟದಿಂದ. ತೊಡದೇವು ಒಮ್ಮೆ ಬೆಂದ ಅಕ್ಕಿ. ಪುಡಿ ಮಾಡಿ ಕುದಿಸಿದರೆ ನೀರೆಲ್ಲ ಹೀರಿ ಅಂಟಾಗುತ್ತೆ, ಪರಿಮಳವೂ ಆವಿಯ ಜೊತೆ ಹೋಗುತ್ತೆ. ಹಾಲು ಒಡೆದದ್ದಕ್ಕೆ ಬೆಲ್ಲದ ಹುಳಿ ಮತ್ತು ಅದರಲ್ಲಿರುವ ಲವಣಗಳು ಕಾರಣ. ಬಿಸಿ ಹಾಲು ಅದನ್ನು ತಡೆಯಲ್ಲ. ಅದಕ್ಕೇ ಪಾಯಸಕ್ಕೂ ಒಲೆಯಿಂದ ಇಳಿಸಿದ ಮೇಲೆ ಹಾಕ್ತಾರೆ ಅಲ್ವಾ?

ಕೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜೋನಿಬೆಲ್ಲದಲ್ಲಿ ನೀರು ಜಾಸ್ತಿ. ಜೊತೆಗೆ ಅದರ ಸಕ್ಕರೆಯಲ್ಲಿ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತೆ. ಸಕ್ಕರೆಯ ಅಣುತೂಕ 342, ಇವುಗಳದ್ದು 180. ಅಂದರೆ ಅಷ್ಟೇ ತೂಕಕ್ಕೆ ಹೆಚ್ಚುಕಡಿಮೆ ಎರಡರಷ್ಟು ಅಣುಗಳು. ನೀರು ಹೆಪ್ಪುಗಟ್ಟುವುದನ್ನು ತಡೆಯುವುದು ಅಣುಗಳ ಸಂಖ್ಯೆ, ತೂಕ ಅಲ್ಲ. ಕಾಲು ಕೆಜಿ ಹಾಕಿದರೆ ಮನೆ ಫ್ರೀಜರ್ ಏನು ಮಾಡೀತು ಪಾಪ. ಜೋನಿಬೆಲ್ಲ 50 ಗ್ರಾಮಿಗೆ ಇಳಿಸಿ, ಉಳಿದದ್ದು ಸಕ್ಕರೆ ಇರಲಿ.

ಇನ್ನು ರುಚಿ. ತೊಡದೇವಿನಲ್ಲಿ ವೆನಿಲಾ ಎಲ್ಲಿಂದ ಬಂತು? ಅಲ್ಲಿರುವುದು ಸುಟ್ಟ ಕಬ್ಬಿನ ಹಾಲು, ಹುರಿದ ಅಕ್ಕಿ, ಹೊಗೆ, ತುಪ್ಪ. ಬಿಸಿ ಗಡಿಗೆಯ ಮೇಲೆ ಸಕ್ಕರೆಯೂ ಅಕ್ಕಿಯ ಪ್ರೋಟೀನೂ ಸೇರಿ ಕಂದಾಗುತ್ತಲ್ಲ, ಅದನ್ನು ಮೊದಲು ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್, 1912ರಲ್ಲಿ. ಬ್ರೆಡ್ಡಿನ ಹೊರಪದರ, ಪಾಪ್‌ಕಾರ್ನ್, ದೋಸೆಯ ಅಂಚು, ಎಲ್ಲದರ ಪರಿಮಳವೂ ಅದರಿಂದಲೇ. ಇಂಥ ಪರಿಮಳಗಳಲ್ಲಿ ಹೆಚ್ಚಿನವು ಜಿಡ್ಡಿಗೆ ಚೆನ್ನಾಗಿ ಇಳಿಯುತ್ತವೆ. ಪಿಷ್ಟ ಜಿಡ್ಡಿಗೆ ಇಳಿಯಲ್ಲ. ಹಾಗಾಗಿ ತೊಡದೇವನ್ನು ಹಾಲಿಗೆ ಹಾಕಬೇಡಿ, ತುಪ್ಪಕ್ಕೆ ಹಾಕಿ.

ಒಂದು ಪ್ರಶ್ನೆ: ನೀವು ಬಳಸಿದ ತೊಡದೇವು ಯಾವಾಗಿನದು?

ಸಾಗರದ ಮಾಣಿ:

ಜನವರಿಯಲ್ಲಿ ಆಲೆಮನೆ ನಡೆಯುವಾಗ ದೊಡ್ಡಮ್ಮ ಮಾಡಿ ಕೊಟ್ಟದ್ದು. ಡಬ್ಬಿಯಲ್ಲಿತ್ತು. ಈಗ ಜುಲೈ. ಮುಟ್ಟಿದರೆ ಗರಿಗರಿ ಇಲ್ಲ, ಸ್ವಲ್ಪ ಬಗ್ಗುತ್ತೆ.

ಹೊಸನಗರದ ಅತ್ತೆ:

ತಮ್ಮಾ, ಅಲ್ಲೇ ಇರೋದು ನೋಡು. ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಎರಡು ಸಲ ತೆಗೆದರೆ ಸಾಕು, ತೊಡದೇವು ಸತ್ತ ಹಾಗೆ. ಬಗ್ಗುವ ತೊಡದೇವಿಗೆ ವಾಸನೆ ಎಲ್ಲಿರುತ್ತೆ. ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ಬಿಸಿ ಮಾಡು. ಕೈಯಲ್ಲಿ ಹಿಸುಕಿದರೆ ಸದ್ದು ಬರಬೇಕು. ಎಣ್ಣೆ ಮುಗ್ಗಲು ವಾಸನೆ ಬಂದಿದ್ದರೆ ಮಾತ್ರ ಬಿಸಾಡು, ಅದಕ್ಕೆ ಮದ್ದಿಲ್ಲ.

ಗಡಿಗೆ ವಿಷಯವನ್ನು ಯಾರೂ ಹೇಳಲಿಲ್ಲ. ನಾನು ಒಂದು ವರ್ಷ ಗ್ಯಾಸಿನ ಮೇಲೆ ಕಬ್ಬಿಣದ ಕಾವಲಿ ಬೋರಲು ಹಾಕಿ ಮಾಡಿ ನೋಡಿದೆ. ತೆಳ್ಳಗೆ ಬಂತು, ಎದ್ದೂ ಬಂತು. ತಿಂದರೆ ಸಪ್ಪೆ. ಸೌದೆಯ ಹೊಗೆ ಗಡಿಗೆ ಸುತ್ತ ಹೋಗ್ತಾ ಇರುತ್ತಲ್ಲ, ಅದು ಹಿಟ್ಟು ಹಸಿ ಇರುವಾಗಲೇ ಹಿಡಿದುಕೊಳ್ಳುತ್ತೆ. ನಿನ್ನ ಐಸ್‌ಕ್ರೀಮಿಗೂ ಆ ಹೊಗೆ ಬೇಕು.

ಹಾಗೇ ತುಪ್ಪ ಕಾಯಿಸಿದಾಗ ತಳದಲ್ಲಿ ಉಳಿಯುವ ಕಂದು ಗಸಿ ಬಿಸಾಡಬೇಡ. ಚಿಕ್ಕವರಿದ್ದಾಗ ಅದಕ್ಕೆ ಬೆಲ್ಲ ಕಲಸಿಕೊಂಡು ಬಾಣಲೆಗಾಗಿ ಜಗಳ ಆಡ್ತಿದ್ದೆವು. ಅದರಲ್ಲಿರುವ ರುಚಿ ಯಾವ ಎಸೆನ್ಸಿನಲ್ಲೂ ಇಲ್ಲ.

ಭದ್ರಾ ದಂಡೆ:

ನನಗೂ ಸ್ವಲ್ಪ ಇಂಟರೆಸ್ಟ್ ಇದೆ. ಆದರೆ ಐಸ್‌ಕ್ರೀಮಿಗೆ ಅಲ್ಲ, ಭಾವನ ದ್ರವಕ್ಕೆ. ಈ ತೊಡದೇವು ತುಪ್ಪವನ್ನೇ ತೆಳು ಮಾಡಿ ಇ-ಸಿಗರೇಟಿಗೆ ಹಾಕಬಹುದಾ?

ಲ್ಯಾಬ್ ಕೋಟು:

ಬೇಡವೇ ಬೇಡ. ತುಪ್ಪ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಲ್ಲಿ ಉರಿಯೂತ ಆಗುತ್ತೆ, ಅದಕ್ಕೆ ಲಿಪಿಡ್ ನ್ಯುಮೋನಿಯಾ ಅಂತ ಹೆಸರೇ ಇದೆ. ಹೊಟ್ಟೆಗೆ ಒಳ್ಳೆಯದು ಎದೆಗೂ ಒಳ್ಳೆಯದು ಅಂತಲ್ಲ. ಬೆಣ್ಣೆ ಪರಿಮಳ ಕೊಡುವ ಡೈಅಸಿಟೈಲ್ ತಿನ್ನಲು ಒಪ್ಪಿಗೆ ಇರುವ ವಸ್ತು. ಆದರೆ ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದರ ಆವಿ ಕುಡಿದು ಕೆಲಸ ಮಾಡಿದವರ ಶ್ವಾಸನಾಳಗಳು ಕಲೆಗಟ್ಟಿ ಮುಚ್ಚಿಹೋಗಿದ್ದವು. 2000ದಲ್ಲಿ ಬೆಳಕಿಗೆ ಬಂದ ಸಂಗತಿ. ಆ ಕಾಯಿಲೆಗೆ ಪಾಪ್‌ಕಾರ್ನ್ ಲಂಗ್ ಅನ್ನೋ ಹೆಸರು ಬಿದ್ದದ್ದು ಹಾಗೆ.

ಅದೂ ಅಲ್ಲದೆ ನಮ್ಮ ದೇಶದಲ್ಲಿ ಇ-ಸಿಗರೇಟನ್ನು 2019ರಲ್ಲೇ ನಿಷೇಧ ಮಾಡಿದ್ದಾರೆ. ತಯಾರಿ, ಮಾರಾಟ, ಆಮದು, ಜಾಹೀರಾತು ಎಲ್ಲವೂ ಅಪರಾಧ. ಈ ಎಳೆಯಲ್ಲಿ ಐಸ್‌ಕ್ರೀಮ್ ಮಾತ್ರ ಮಾತಾಡೋಣ.

ಭದ್ರಾ ದಂಡೆ:

ಸರಿ ಸರಿ. ಐಸ್‌ಕ್ರೀಮೇ ತಿಂತೇನೆ.

ಸಾಗರದ ಮಾಣಿ:

ಐದನೇ ಸಲದ ವರದಿ. ಅರ್ಧ ಗೆದ್ದೆ.

ಅತ್ತೆ ಹೇಳಿದ ಹಾಗೆ ಆರು ತೊಡದೇವು ಬಾಣಲೆಯಲ್ಲಿ ಬಿಸಿ ಮಾಡಿದೆ. ಮೂರು ನಿಮಿಷಕ್ಕೇ ಅಡುಗೆಮನೆ ತುಂಬ ಆಲೆಮನೆ ವಾಸನೆ. ಅಪ್ಪ ಜಗುಲಿಯಿಂದ ಎದ್ದು ಬಂದರು. ಪುಡಿ ಮಾಡಿ ನಾಲ್ಕು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟು ಸೋಸಿದೆ. ತುಪ್ಪ ತಿಳಿಯಾಗಿ ಜೇನಿನ ಬಣ್ಣಕ್ಕೆ ಬಂತು. ಬಟ್ಟೆಯಲ್ಲಿ ಉಳಿದ ಚೂರುಗಳು ಗರಿಗರಿ, ಅದನ್ನು ಬೇರೆ ಇಟ್ಟೆ. (ಇಟ್ಟೆ ಅಂದರೆ ಮೂರನೇ ಒಂದು ಪಾಲು ಉಳಿಯಿತು.)

ಹೊಗೆಗೆ ತೆಂಗಿನ ಕರಟ ಸುಟ್ಟು ಕೆಂಡ ಮಾಡಿ, ಬಟ್ಟಲಲ್ಲಿಟ್ಟು ಹಾಲಿನ ಪಾತ್ರೆಯೊಳಗೆ ತೇಲಿಬಿಟ್ಟು, ಮೇಲೆ ಒಂದು ತೊಟ್ಟು ತುಪ್ಪ ಬಿಟ್ಟು ಮುಚ್ಚಿದೆ. ಅಷ್ಟರಲ್ಲಿ ಫೋನ್ ಬಂತು. ಹತ್ತು ನಿಮಿಷ ಆಗಿಹೋಯಿತು. ಬಚ್ಚಲೊಲೆ ಮುಂದೆ ಕೂತು ಐಸ್‌ಕ್ರೀಮ್ ತಿಂದ ಹಾಗಿದೆ.

ಇನ್ನೊಂದು ತೊಂದರೆ. ತಣ್ಣಗಿನ ಹಾಲಿಗೆ ತುಪ್ಪ ಬೆರೆಸಿದ್ದೆ. ಈಗ ನಾಲಿಗೆಗೆ ಮೇಣದ ಹರಳು ಹರಳು ಸಿಗುತ್ತಿದೆ. ಗಟ್ಟಿ ಮಾತ್ರ ಸರಿಯಾಗಿ ಆಗಿದೆ. ಪರಿಮಳ ಇದೆ, ಆದರೆ ಬಾಯಿಗಿಟ್ಟ ಕೂಡಲೇ ಬರಲ್ಲ, ನುಂಗಿದ ಮೇಲೆ ಬರುತ್ತೆ.

ಲ್ಯಾಬ್ ಕೋಟು:

ನುಂಗಿದ ಮೇಲೆ ಬಂತು ಅಂದರೆ ಗೆದ್ದಿದ್ದೀರಿ. ತಣ್ಣಗಿದ್ದಾಗ ಪರಿಮಳ ಹೊರಗೆ ಬರಲ್ಲ, ಸಿಹಿಯೂ ಕಮ್ಮಿ ಅನ್ನಿಸುತ್ತೆ. ಬಾಯಿ ಬಿಸಿಗೆ ಕರಗಿದ ಮೇಲೇ ಗೊತ್ತಾಗೋದು. ಫ್ರೀಜರಿನಿಂದ ತೆಗೆದು ಏಳೆಂಟು ನಿಮಿಷ ಬಿಟ್ಟು ತಿನ್ನಿ. ಕಾಲು ಚಮಚ ಉಪ್ಪು ಹಾಕಿ, ಸಿಹಿ ಎದ್ದು ಕಾಣುತ್ತೆ.

ಮೇಣಕ್ಕೆ: ಹಾಲು ಬೆಚ್ಚಗಿರುವಾಗಲೇ, ಬೆರಳು ಅದ್ದಿದರೆ ಚುರುಕ್ ಅನ್ನುವಷ್ಟು ಬಿಸಿ ಇರುವಾಗ, ಹಾಲಿನ ಪುಡಿಯ ಜೊತೆ ತುಪ್ಪ ಹಾಕಿ ಮಿಕ್ಸಿಯಲ್ಲಿ ಒಂದು ನಿಮಿಷ ಪೂರ್ತಿ ತಿರುಗಿಸಿ. ಹಾಲಿನ ಪ್ರೋಟೀನ್ ಜಿಡ್ಡಿನ ಹನಿಗಳನ್ನು ಸುತ್ತಿ ಹಿಡಿಯುತ್ತೆ. ನಾಲ್ಕು ಚಮಚ ಜಾಸ್ತಿಯಾಯಿತು, ಎರಡು ಸಾಕು. ಉಳಿದ ಜಿಡ್ಡು ಕೆನೆಯಿಂದ ಬರಲಿ.

ಹೊಸನಗರದ ಅತ್ತೆ:

ಕೆಂಡ ಇಟ್ಟು ಫೋನ್ ಎತ್ತಬಾರದು ತಮ್ಮಾ. ಒಂದು ನಿಮಿಷ ಅಂದರೆ ಒಂದೇ ನಿಮಿಷ. ಮತ್ತೆ ಹಾಲಿಗೆ ಹೊಗೆ ಕೊಡಬೇಡ, ಆ ಸೋಸಿದ ತುಪ್ಪಕ್ಕೆ ಕೊಡು. ಜಾಸ್ತಿ ಆದರೆ ತುಪ್ಪ ಮಾತ್ರ ಹೋಯಿತು, ಹಾಲು ಉಳಿಯಿತು.

ಸಾಗರದ ಮಾಣಿ:

ಆರನೇ ಸಲ. ಮೊದಲು ಅಮ್ಮನಿಗೆ ಏನೂ ಹೇಳದೆ ಒಂದು ಚಮಚ ಕೊಟ್ಟೆ. ಅವರು ಕಣ್ಣು ಮುಚ್ಚಿ "ಇದಕ್ಕೆ ತೊಡದೇವು ಹಾಕಿದೀಯಾ?" ಅಂದರು. ಅದೇ ಬೇಕಿತ್ತು ನನಗೆ.

ಅಳತೆ ಬರೆದು ಹಾಕುತ್ತೇನೆ. ಮುಕ್ಕಾಲು ಲೀಟರ್ ಗಟ್ಟಿ ಹಾಲನ್ನು ಅರ್ಧ ಲೀಟರಿಗೆ ಇಳಿಸಿದೆ. 80 ಗ್ರಾಂ ಸಕ್ಕರೆ, 40 ಗ್ರಾಂ ಹಾಲಿನ ಪುಡಿ, ಉಪ್ಪು ಕಾಲು ಚಮಚ. ಬೆಚ್ಚಗಿರುವಾಗ ಎರಡು ಚಮಚ ತೊಡದೇವು ತುಪ್ಪ, ಒಂದು ಚಮಚ ತುಪ್ಪದ ಗಸಿ, ಮಿಕ್ಸಿಯಲ್ಲಿ ಒಂದು ನಿಮಿಷ. ಪೂರ್ತಿ ಆರಿದ ಮೇಲೆ 50 ಗ್ರಾಂ ಜೋನಿಬೆಲ್ಲ, 200 ಮಿ.ಲೀ. ಕೆನೆ. ರಾತ್ರಿ ಫ್ರಿಜ್ಜಿನಲ್ಲಿ ಇಟ್ಟು ಬೆಳಗ್ಗೆ ಫ್ರೀಜರಿಗೆ. ಮೂರು ಸಲ, ಗಂಟೆಗೊಮ್ಮೆ ತೆಗೆದು ಮಿಕ್ಸಿಯಲ್ಲಿ ತಿರುಗಿಸಿದೆ. ಗರಿಗರಿ ಚೂರುಗಳನ್ನು ಒಳಗೆ ಹಾಕಲಿಲ್ಲ, ತಿನ್ನುವಾಗ ಮೇಲೆ ಉದುರಿಸಿದೆ. ಒಳಗೆ ಹಾಕಿದರೆ ನಾಳೆಗೆ ಚರ್ಮ ಆಗುತ್ತೆ, ಪರೀಕ್ಷೆ ಮಾಡಿ ನೋಡಿದ್ದೇನೆ.

ಗಸಿಯಿಂದ ಸ್ವಲ್ಪ ಮರಳು ಮರಳು ಅನ್ನಿಸುತ್ತೆ. ಸೋಸಿದರೆ ರುಚಿ ಹೋಗುತ್ತಾ?

ಹೊಸನಗರದ ಅತ್ತೆ:

ಸೋಸಬೇಡ. ಬೆಚ್ಚಗಿನ ಹಾಲಲ್ಲಿ ನೆನೆಸಿಟ್ಟು ಕಲ್ಲಿನಲ್ಲಿ ಅರೆ.

ತೀರ್ಥಹಳ್ಳಿ ತಿಂಡಿಪೋತ:

ಶನಿವಾರ ಬರ್ತಾ ಇದ್ದೇನೆ. ಉಳಿಸಿರಿ.

ಸಾಗರದ ಮಾಣಿ:

ನಿನ್ನೆ ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು. ಬೆಳಗ್ಗೆವರೆಗೂ ಬರಲಿಲ್ಲ. ಪೂರ್ತಿ ಕರಗಿ ಸುಮಾರು ಹೊತ್ತು ಕೂತ ಹಾಲಿನ ಪದಾರ್ಥವನ್ನು ಮತ್ತೆ ಗಟ್ಟಿ ಮಾಡಿ ಕೊಡಲು ಧೈರ್ಯ ಇಲ್ಲ. ಕೊಟ್ಟಿಗೆ ಗೊಬ್ಬರಕ್ಕೆ ಸೇರಿತು. ತೊಡದೇವು ತುಪ್ಪ ಮಾತ್ರ ಒಂದು ಶೀಶೆ ಇದೆ. ಶನಿವಾರ ಬನ್ನಿ, ಬಿಸಿ ದೋಸೆಗೆ ಹಾಕಿ ಕೊಡ್ತೇನೆ.