ಹಚ್ಚಿದ ಮೇಲೆ ಘಮವೇ ಬಾರದ ಸೋಯಾ ಮೇಣದಬತ್ತಿ – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ವಿಜಯಪುರದ ನಮ್ಮ ಮನೆಯಲ್ಲಿ ನಾಲ್ಕು ತಿಂಗಳಿಂದ ಸೋಯಾ ಮೇಣದ ಸುವಾಸಿತ ಮೇಣದಬತ್ತಿಗಳನ್ನೂ, ಬತ್ತಿಯಿಲ್ಲದೆ ಬಿಸಿಬಟ್ಟಲಿನಲ್ಲಿಟ್ಟು ಕರಗಿಸುವ ಸಣ್ಣ ಮೇಣದ ಬಿಲ್ಲೆಗಳನ್ನೂ ಮಾಡುತ್ತಿದ್ದೇನೆ. ಬಿಲ್ಲೆಯೊಂದನ್ನು ಕರಗಿಸಿದರೆ ಪಡಸಾಲೆಯ ತುಂಬ ಮಲ್ಲಿಗೆ ಘಮಘಮಿಸುತ್ತದೆ. ಆದರೆ ಅದೇ ಮೇಣ, ಅದೇ ಸುಗಂಧತೈಲ ಬಳಸಿ ಗಾಜಿನ ಲೋಟದಲ್ಲಿ ಮಾಡಿದ ಮೇಣದಬತ್ತಿ ಹಚ್ಚಿದ ಮೇಲೆ ಪಕ್ಕದಲ್ಲಿ ಕುಳಿತವರಿಗೂ ಘಮ ಬರುವುದಿಲ್ಲ.

ಮೇಣ 80 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ, 500 ಗ್ರಾಂಗೆ 40 ಗ್ರಾಂನಂತೆ ತೈಲವನ್ನು ತೂಗಿ ಹಾಕಿ, ಎರಡು ನಿಮಿಷ ನಿಧಾನವಾಗಿ ಕಲಕಿ, 57 ಡಿಗ್ರಿಗೆ ಇಳಿದ ಮೇಲೆ ಲೋಟಕ್ಕೆ ಸುರಿದು, ಎರಡು ವಾರ ಮುಚ್ಚಿಟ್ಟ ನಂತರವೇ ಹಚ್ಚುತ್ತೇನೆ. ತೈಲವನ್ನು 50 ಗ್ರಾಂಗೆ ಏರಿಸಿದೆ. ಘಮ ಹೆಚ್ಚಲಿಲ್ಲ, ಬದಲಿಗೆ ನಮ್ಮೂರಿನ ಏಪ್ರಿಲ್ ಸೆಕೆಗೆ ಮೇಣದ ಮೇಲೆ ಎಣ್ಣೆ ಹನಿಹನಿಯಾಗಿ ಬೆವರಿತು.

ನನ್ನ ಅನುಮಾನವಿರುವುದು ಬತ್ತಿಯ ಮೇಲೆ. 8 ಸೆಂಟಿಮೀಟರ್ ಅಗಲದ ಲೋಟದಲ್ಲಿ ಮೂರು ಗಂಟೆ ಉರಿದರೂ ಕರಗಿದ ಮೇಣ ಅಂಚನ್ನು ಮುಟ್ಟುವುದಿಲ್ಲ. ಸುತ್ತಲೂ ಬೆರಳಗಲದ ಬಿಳಿ ಗೋಡೆ ಹಾಗೆಯೇ ನಿಲ್ಲುತ್ತದೆ. ಕರಗಿದ ಮೇಣದ ಹರವು ಕಡಿಮೆಯಾದರೆ ಘಮವೂ ಕಡಿಮೆಯಾಗುತ್ತದೆ ಎಂಬುದು ನನಗೆ ತಿಳಿದಿದೆ. ಹಾಗೆಂದು ದಪ್ಪ ಬತ್ತಿ ಹಾಕಿದರೆ, ತುದಿಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿದರೂ ಜ್ವಾಲೆ ಎತ್ತರಕ್ಕೆದ್ದು ಗಾಜಿಗೆಲ್ಲ ಮಸಿ ಹಿಡಿಯುತ್ತಿದೆ.

ಅನುಭವವಿರುವವರು ದಯವಿಟ್ಟು ತಿಳಿಸಿ: ಇಷ್ಟು ಅಗಲದ ಲೋಟಕ್ಕೆ ಒಂದೇ ದಪ್ಪ ಬತ್ತಿಯ ಬದಲು ಎರಡು ತೆಳು ಹತ್ತಿಬತ್ತಿಗಳನ್ನು ಹಾಕುವುದು ಸರಿಯೇ, ಹಾಕುವುದಾದರೆ ಅವುಗಳ ನಡುವೆ ಎಷ್ಟು ಅಂತರವಿರಬೇಕು?